ತೂಕದ ಕೋಣೆಯಲ್ಲಿ ಎಫ್ ಸಿಕ್ಸ್

ಹಳೆಯ ಡಿಸ್ಕು ಸತ್ತದ್ದು ಗುರುವಾರ.
ಸಾಯುವ ಮುಂಚೆ ಎರಡು ದಿನ
ಡಬ್ಬಿಯೊಳಗೆ ಹಲ್ಲು ಕಡಿಯುತ್ತಿತ್ತು.
ಇಲಿಯೆಂದುಕೊಂಡು ಬೋನು ಇಟ್ಟವನು ನಾನೇ.

ಚಿಯಾತುರಾದ ಮ್ಯಾಂಗನೀಸು ಲಾರಿಗಳು
ಒಂದರ ಬಾಲಕ್ಕೊಂದು ಮೂಗು ತಾಗಿಸಿ
ಸೇತುವೆಯವರೆಗೂ ನಿಂತವು.
ತಕ್ಕಡಿ ಗಟ್ಟಿಮುಟ್ಟಾಗೇ ಇದೆ.
ತೂಕ ಓದುವ ಪ್ರೋಗ್ರಾಮು ಮಾತ್ರ
ಎಕ್ಸ್‌ಪಿ ಬಿಟ್ಟು ಬೇರೆ ಯಾರ ಕೈಯಿಂದಲೂ
ನೀರು ಮುಟ್ಟದ ಮಡಿ ಮುದುಕಿ.

ನಾಜಿಬ್ರೋಲಾ ಬಂದಳು, ರೋಪ್‌ವೇ ಇಳಿದು,
ಚೀಲದಲ್ಲಿ ಹೊಸ ಡಿಸ್ಕು, ಅರ್ಧ ರೊಟ್ಟಿ,
ಗೀರು ಬಿದ್ದೊಂದು ಸಿ.ಡಿ.
ಸ್ಕ್ರೂ ಬಿಗಿದಳು. ನೀಲಿ ಪರದೆ ಎದ್ದಿತು.
ಅದು ಓದಿತು ಓದಿತು ಏನೇನೋ ಓದಿತು,
ಕೊನೆಗೆ ಬಿಳಿ ಅಕ್ಷರದಲ್ಲಿ:
ಈ ಕಂಪ್ಯೂಟರಿನಲ್ಲಿ ಹಾರ್ಡ್ ಡಿಸ್ಕ್ ಇಲ್ಲ.

ಇಲ್ಲವಂತೆ!
ಮುಚ್ಚಳ ತೆಗೆದೇ ಇತ್ತು, ಬೆರಳಿಟ್ಟು ನೋಡಿದೆ:
ಬೆಚ್ಚಗಿದೆ, ಒಳಗೆ ತಿರುಗುತ್ತಿದೆ,
ಕಂಕುಳಲ್ಲಿ ಕೂಸು, ಊರೆಲ್ಲ ಹುಡುಕಾಟ.

"ಕಣ್ಣು ಸರಿಯಿದೆ," ಅಂದಳು, "ಗುರುತಿಲ್ಲ ಅಷ್ಟೆ.
ಇದನ್ನು ಬರೆದವರ ಕಾಲಕ್ಕೆ
ಇಂಥ ಡಿಸ್ಕು ಮನೆಮನೆಗೆ ಬಂದಿರಲಿಲ್ಲ.
ಯಾರಾದರೂ ಪರಿಚಯ ಮಾಡಿಸಬೇಕು."
ಮಾಡಿಸೋಣ, ಅದಕ್ಕೇನು?
ಪೆನ್‌ಡ್ರೈವ್ ತೋರಿಸಿದೆ. ತಲೆಯಾಡಿಸಿದಳು.
ಪರಿಚಯದ ಕಾಗದ ಫ್ಲಾಪಿಯಲ್ಲೇ ಬರಬೇಕು,
'ಎ' ಎಂಬ ಬಾಗಿಲಿನಿಂದಲೇ.

ಫ್ಲಾಪಿ!
ಗಣಿ ಕಚೇರಿಯಲ್ಲಿ ನಕ್ಕರು.
ಶಾಲೆಯಲ್ಲಿ ಒಂದಿತ್ತು, ಕಾಫಿ ಲೋಟದ ಕೆಳಗೆ,
ಕಾಫಿಯನ್ನೆಲ್ಲ ಕುಡಿದುಕೊಂಡು.
ಕೊನೆಗೆ ಕಸೂತಿಯ ತ್ಸಿಯಾಲಾ:
ಅವಳ ಜಪಾನಿ ಯಂತ್ರ ಇವತ್ತಿಗೂ
ಅದೊಂದನ್ನೇ ತಿನ್ನುವುದು.
"ಇದರಲ್ಲಿ ದ್ರಾಕ್ಷಿಬಳ್ಳಿ ಇದೆ,
ಭಾನುವಾರದ ಮದುವೆಯ ಮೇಜುಬಟ್ಟೆಗೆ.
ಒಂದೆಲೆ ಉದುರಿದರೂ, ನೋಡು..."
ಮುಂದೇನೂ ಹೇಳಲಿಲ್ಲ. ಹೇಳುವುದು ಬೇಕಿರಲಿಲ್ಲ.

ಬಳ್ಳಿ ಸಣ್ಣದು. ಪಕ್ಕದಲ್ಲೇ ಜಾಗವಿತ್ತು.
ಲೆಕ್ಕದ ಕೋಣೆಯ ಮುದಿಯಂತ್ರದಲ್ಲಿ ಕೂತು
ಡ್ರೈವರ್ ತುಂಬಿದಳು, ಎಲೆ ಮುಟ್ಟದೆ.

ಮತ್ತೆ ನೀಲಿ.
ಪರದೆಯ ತಳದಲ್ಲಿ ಒಂದೇ ಸಾಲು,
ಎಫ್ ಸಿಕ್ಸ್ ಒತ್ತಿ ಎಂದು, ಮೂರು ಉಸಿರಿನಷ್ಟು ಹೊತ್ತು.
ಮೊದಲ ಸಲ ನಾನು ಏನೋ ಕೇಳಿದೆ,
ಅವಳು ತಿರುಗಿದಳು,
ಸಾಲು ಹೋಗಿಯೇ ಬಿಟ್ಟಿತು.
ಎರಡನೇ ಸಲ ಬಾಯಿಗೆ ರೊಟ್ಟಿ ತುರುಕಿಕೊಂಡು ಕೂತೆ.
ಒತ್ತಿದಳು. ಏನೂ ಆಗಲಿಲ್ಲ.
ಕೇಳಿಸಿತೋ ಇಲ್ಲವೋ ಅದು ಹೇಳುವುದಿಲ್ಲ,
ತನ್ನ ಪಾಡಿಗೆ ಓದುತ್ತಲೇ ಇರುತ್ತದೆ.
ಹೊರಗೆ ಜುಂಬೇರ್ ಹಾರ್ನ್ ಒತ್ತುತ್ತಿದ್ದ,
ಅವನದ್ದಂತೂ ಕಣಿವೆಗೆಲ್ಲ ಕೇಳಿಸುತ್ತಿತ್ತು.

ಆಮೇಲೆ, ಮರೆತೇಬಿಟ್ಟಿದ್ದೆವು ಅನ್ನುವಾಗ,
ಕೊಡಿ ಎಂದಿತು.
ಫ್ಲಾಪಿ ಗುರುಗುಟ್ಟಿತು. ನಾಲ್ಕು ಹೆಸರು ಬಂದವು,
ಬಾಲದಲ್ಲೊಂದು ಅಂಕೆ ಬಿಟ್ಟರೆ ಅವಳಿಜವಳಿ.
ತಪ್ಪು ಹೆಸರಿಟ್ಟರೆ ಕುಸಿದು ಬೀಳುತ್ತದಂತೆ.
ಅವಳು ಟಾರ್ಚ್ ಹಿಡಿದು, ಬಗ್ಗಿ,
ಬೋರ್ಡಿನ ಚಿಪ್ಪಿನ ಮೇಲಿನ ಧೂಳನ್ನು
ಉಗುರಿನಿಂದ ಕೆರೆದು ಓದಿದಳು.
ಮೂರನೆಯದು.

ಎಪ್ಪತ್ತಾರು ಸಾವಿರದ ಮುನ್ನೂರ ಹದಿನಾರು ಎಂ.ಬಿ.,
ಬೇಲಿಯಿಲ್ಲದ ಬಯಲು.
ನಾನು ಚಪ್ಪಾಳೆ ತಟ್ಟಿದೆ. ಅವಳು ತಟ್ಟಲಿಲ್ಲ.

ಬೇಗ ಕೊಟ್ಟುಬರೋಣವೆಂದು ಫ್ಲಾಪಿ ಹೊರತೆಗೆದು
ಜೇಬಿಗಿಟ್ಟು ನಾನು ಬಾಗಿಲು ದಾಟಿದ್ದೆನಷ್ಟೆ.
"ಬಾ! ಮತ್ತೆ ಕೇಳುತ್ತಿದೆ!"
ಹೌದು, ಒಮ್ಮೆ ಪರಿಚಯ ಸಾಲದು ಅದಕ್ಕೆ.
ನೋಡುವುದಕ್ಕೊಮ್ಮೆ,
ನೆನಪಿಟ್ಟುಕೊಳ್ಳುವುದಕ್ಕೊಮ್ಮೆ.

ಸಂಜೆ ಆರೂವರೆಗೆ ಜುಂಬೇರ್ ತಕ್ಕಡಿ ಹತ್ತಿದ.
ಮೂವತ್ತೊಂದು ಟನ್ನು, ನಾನೂರು ಕಿಲೋ.
ಹೆಚ್ಚಾಯಿತೆಂದು ಜಗಳ ತೆಗೆದ,
ಎಲ್ಲ ಮೊದಲಿನಂತಾಯಿತು.

ಶನಿವಾರ ತ್ಸಿಯಾಲಾಳ ಫೋನು.
ಎಲೆಗಳೆಲ್ಲ ಇವೆ, ಎಣಿಸಿದಳಂತೆ.
ಆದರೆ ಗೊಂಚಲುಗಳ ನಡುವೆ
ಯಾವುದೋ ಅಡ್ಡಹೆಸರಿನವನು ಕೂತಿದ್ದಾನೆ,
ಇವನನ್ನು ಯಾವ ಬಣ್ಣದ ದಾರದಲ್ಲಿ ಹೊಲಿಯಲಿ?